ಪಠ್ಯಪುಸ್ತಕದ ಪ್ರಾಜೆಕ್ಟ್ ಮ್ಯಾನೇಜರ್ ಸಾಹೇಬರಿಗೆ

ಮಾನ್ಯರೇ,

ನೀವು ಯಾರು, ಯಾವ ಕಚೇರಿಯಲ್ಲಿ ಕೂರುತ್ತೀರಿ ಗೊತ್ತಿಲ್ಲ. ಅದಕ್ಕೇ ಈ ಬಹಿರಂಗ ಪತ್ರ. ನಾನು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಮನೆಪಾಠ ಹೇಳುವವ. ಅದಕ್ಕೂ ಮೊದಲು ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದವ. ಹಾಗಾಗಿ ನಿಮ್ಮ ಕೆಲಸಕ್ಕೆ ಕೈಮುಗಿಯುವಷ್ಟು ಅರ್ಹತೆ ನನಗುಂಟು.

ನಮ್ಮದು ಹಳೇ ಪದ್ಧತಿ. ಕರಡು ತಿದ್ದಬೇಕು, ಲೇಖಕರ ಸಹಿ ಹಾಕಿಸಬೇಕು, ಆಮೇಲೆ ಪ್ಲೇಟ್. ಪ್ಲೇಟ್ ಆದ ಮೇಲೆ ಅಲ್ಪವಿರಾಮ ಬದಲಿಸಿ ಅಂದರೂ ಮಾಲೀಕರು "ದುಡ್ಡು ಯಾರು ಕೊಡ್ತಾರ್ರೀ?" ಅನ್ನುತ್ತಿದ್ದರು. ಯಾವ ಕೆಲಸ ಮುಗಿಯದೆ ಯಾವುದು ಶುರುವಾಗದು ಅನ್ನುವುದನ್ನು ಅಮೆರಿಕದ ಡ್ಯೂಪಾಂಟ್ ಕಂಪನಿಯವರು 1957ರಲ್ಲಿ ಲೆಕ್ಕಕ್ಕಿಳಿಸಿದರು. ಕ್ರಿಟಿಕಲ್ ಪಾತ್ ಅಂತಾರಲ್ಲ, ಅದು. ನೀವು ಅವರನ್ನೂ ಮೀರಿಸಿದಿರಿ. ಮೊದಲು ಮುದ್ರಣ, ಆಮೇಲೆ ಹಂಚಿಕೆ, ಆಮೇಲೆ ಚರ್ಚೆ, ಕಟ್ಟಕಡೆಗೆ ಲೇಖಕರ ಒಪ್ಪಿಗೆ.

2022ರದ್ದೇ ನೋಡಿ. ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ್ದ ಶಾಲಾ ಪಠ್ಯಪುಸ್ತಕಗಳನ್ನು ರೋಹಿತ್ ಚಕ್ರತೀರ್ಥ ಸಮಿತಿ ಮರುಪರಿಷ್ಕರಿಸಿತು. ಮೇ ತಿಂಗಳಲ್ಲಿ ಶಾಲೆ ಶುರುವಾದ ಹೊತ್ತಿಗೆ ಸಾಹಿತಿ ದೇವನೂರ ಮಹಾದೇವ ತಮ್ಮ 'ಎದೆಗೆ ಬಿದ್ದ ಅಕ್ಷರ' ಪಾಠಕ್ಕೆ ಕೊಟ್ಟ ಅನುಮತಿ ಹಿಂಪಡೆದರು, ಲೇಖಕ ಜಿ. ರಾಮಕೃಷ್ಣರೂ ತಮ್ಮ ಪಾಠದ್ದನ್ನು ಹಿಂಪಡೆದರು. ಸಮಾಜ ವಿಜ್ಞಾನದಲ್ಲಿ ಅಂಬೇಡ್ಕರರ ಹೆಸರಿಗಿದ್ದ 'ಸಂವಿಧಾನ ಶಿಲ್ಪಿ' ಮಾಯವಾಗಿ, ಗದ್ದಲವೆದ್ದು, ಮರಳಿ ಬಂತು. ಅನುಮತಿ ಇಲ್ಲದ ಪಾಠ-ಪದ್ಯಗಳನ್ನು ಬೋಧಿಸಬೇಡಿ, ಪರೀಕ್ಷೆಗೂ ಕೇಳಬೇಡಿ ಅನ್ನುವ ಸುತ್ತೋಲೆ ಸೆಪ್ಟೆಂಬರಿಗೆ ಬಂತು. ನನ್ನಲ್ಲಿಗೆ ಬರುವ ಹುಡುಗ ಪಾಠದ ಶೀರ್ಷಿಕೆಯ ಮೇಲೆ ನೀಲಿ ಪೆನ್ನಿನಲ್ಲಿ ಅಡ್ಡಗೆರೆ ಎಳೆದು, ಪಕ್ಕದಲ್ಲಿ 'ಇಲ್ಲ' ಅಂತ ದುಂಡಗೆ ಬರೆದುಕೊಂಡಿದ್ದ. "ಸಾರ್, ನಾನಿದನ್ನ ಆಗ್ಲೇ ಓದ್ಬಿಟ್ಟಿದೀನಿ, ಈಗೇನ್ ಮಾಡ್ಲಿ?" ಅಂದ. ಇಂಥದ್ದಕ್ಕೆ ನಿಮ್ಮ ರಿಸ್ಕ್ ರಿಜಿಸ್ಟರಿನಲ್ಲಿ ಉತ್ತರ ಇದ್ದೇ ಇರುತ್ತದೆ, ದಯವಿಟ್ಟು ಕಳಿಸಿ.

2023ರಲ್ಲಿ ಸರ್ಕಾರ ಬದಲಾಯಿತು. ಜೂನ್ 15ರ ಸಂಪುಟ ಸಭೆಯಲ್ಲಿ ಹೆಡಗೇವಾರ್, ಸಾವರ್ಕರ್ ಪಾಠಗಳು ಹೊರಗೆ. ಸಾವಿತ್ರಿಬಾಯಿ ಫುಲೆ, ಮಗಳಿಗೆ ನೆಹರೂ ಬರೆದ ಪತ್ರ ಒಳಗೆ. ಯಾವುದು ಸರಿ ಅನ್ನುವ ಜಗಳ ನನ್ನದಲ್ಲ (ಇದೆ, ಆದರೆ ಇಲ್ಲಲ್ಲ). ಪುಸ್ತಕ ಅಷ್ಟರಲ್ಲಿ ಮಕ್ಕಳ ಚೀಲ ಸೇರಿಯಾಗಿತ್ತು, ಅದರ ಹಿಂದೆಯೇ ಪೂರಕ ಪುಸ್ತಿಕೆ. 2024ಕ್ಕೆ ಮಂಜುನಾಥ ಹೆಗಡೆ ಸಮಿತಿಯ ಇನ್ನೊಂದು ಪರಿಷ್ಕರಣೆ. 2022ರಲ್ಲಿ ಎಂಟನೇ ತರಗತಿಗೆ ಹೋದ ಮಗು ಎಸ್ಸೆಸ್ಸೆಲ್ಸಿ ಮುಟ್ಟುವಷ್ಟರಲ್ಲಿ ವರ್ಷಕ್ಕೊಂದರಂತೆ ಮೂರೂ ಕಂಡಿತು. ಅಣ್ಣನ ಪುಸ್ತಕ ತಮ್ಮನಿಗೆ ಬರುವ ಕಾಲ ಮುಗಿಯಿತು.

ಬದಲಾವಣೆ ಬೇಕೆಂದರೆ ಯಾರು ಕೇಳಿದರು, ಯಾಕೆ, ಯಾರು ಒಪ್ಪಿದರು, ಯಾವ ತಾರೀಕಿನ ನಂತರ ಮುಟ್ಟುವಂತಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದಿಡಬೇಕು ಅನ್ನುತ್ತದೆ ನಿಮ್ಮ ಶಾಸ್ತ್ರ. ನಮ್ಮಲ್ಲಿ ಆ ಹಾಳೆಯ ಕೆಲಸವನ್ನು ಟಿವಿ ಚರ್ಚೆ ಮಾಡುತ್ತಿದೆ. ಕಾಗದ ಉಳಿತಾಯ!

ಉಳಿತಾಯಕ್ಕೆ ನನ್ನದೂ ಒಂದು ಸಲಹೆ. ಮುಂದಿನ ಚುನಾವಣೆ 2028ಕ್ಕೆ. ಅಷ್ಟರೊಳಗೆ ಬೈಂಡಿಂಗನ್ನೇ ಕೈಬಿಡಿ. ಬಿಡಿ ಹಾಳೆಗಳಿಗೆ ತೂತು ಹಾಕಿ, ಸರ್ಕಾರಿ ಕಡತದ ಟ್ಯಾಗ್ ದಾರ ಪೋಣಿಸಿ ಕೊಟ್ಟುಬಿಡಿ. ಸುತ್ತೋಲೆ ಬಂದ ದಿನ ಮಕ್ಕಳೇ ಬಿಚ್ಚಿ, ತೆಗೆದು, ಸೇರಿಸಿ ಕಟ್ಟಿಕೊಳ್ಳುತ್ತಾರೆ. ತೆಗೆದ ಹಾಳೆಗಳನ್ನು ಮಾತ್ರ ಎಸೆಯಬೇಡಿ ಅಂತ ನಾನು ಹೇಳಿಕೊಡುತ್ತೇನೆ. ಐದು ವರ್ಷಕ್ಕೆ ಬೇಕಾಗುತ್ತವೆ.

ಇಂತಿ,
ಒಬ್ಬ ಮಾಜಿ ಪ್ರೂಫ್ ರೀಡರ್
ದೇವರಾಜ ಅರಸು ಬಡಾವಣೆ, ದಾವಣಗೆರೆ