ಪರದೆ ಮೇಷ್ಟ್ರು

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ನಿಟ್ಟೂರಿನಂಥ ಊರುಗಳಲ್ಲಿ, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿ ಅಮೆರಿಕಕ್ಕೆ ಕಳುಹಿಸಿ, ಬಾಣಂತನದ ಅಥವಾ ಗೃಹಪ್ರವೇಶದ ನೆಪದಲ್ಲಿ ತಾವೂ ಆರು ತಿಂಗಳು ಅಲ್ಲಿದ್ದು ಬಂದ ನಿವೃತ್ತರ ವರ್ಗವೊಂದು ಕಳೆದ ಎರಡು ಮೂರು ದಶಕಗಳಲ್ಲಿ ರೂಪುಗೊಂಡಿದೆ. ಇವರು ಹೊತ್ತು ತರುವ ಪದಾರ್ಥಗಳಲ್ಲಿ ಚಾಕೊಲೇಟು ಒಂದು ವಾರದಲ್ಲಿ ಖರ್ಚಾಗುತ್ತದೆ, ಬಾದಾಮಿ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ, ಅಭಿಪ್ರಾಯಗಳು ಮಾತ್ರ ಕೊನೆಯವರೆಗೂ ಉಳಿಯುತ್ತವೆ. ಆ ಅಭಿಪ್ರಾಯಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಬಚ್ಚಲಿಗೆ ಸಂಬಂಧಿಸಿದ್ದಾಗಿದ್ದು, ಅದನ್ನು ಕಾರ್ಯರೂಪಕ್ಕೆ ಇಳಿಸುವವರೆಗೆ ನಿದ್ದೆ ಮಾಡದವರನ್ನು ಈ ಬರಹದಲ್ಲಿ ಪರದೆ ಮೇಷ್ಟ್ರು ಎಂದು ಕರೆಯಲಾಗಿದೆ. ಅವರು ಸೇವೆಯಲ್ಲಿದ್ದಾಗ ಗುಮಾಸ್ತರೋ ರೆವಿನ್ಯೂ ಇನ್‌ಸ್ಪೆಕ್ಟರೋ ಆಗಿದ್ದಿರಬಹುದಾದರೂ, ಸಿಕ್ಕಸಿಕ್ಕವರಿಗೆ ಪಾಠ ಹೇಳುವ ಸ್ವಭಾವದಿಂದಾಗಿ ಮೇಷ್ಟ್ರು ಎಂಬ ಬಿರುದಿಗೆ ಸಹಜವಾಗಿಯೇ ಅರ್ಹರಾಗಿರುತ್ತಾರೆ.

ಮೇಷ್ಟ್ರ ಸಿದ್ಧಾಂತದ ತಿರುಳು ಇಷ್ಟೆ: ಸ್ನಾನಗೃಹದ ನೆಲ ಒಣಗಿರಬೇಕು. ಅಮೆರಿಕದ ಸಾಮಾನ್ಯ ಮನೆಗಳಲ್ಲಿ ಸ್ನಾನಗೃಹದ ನೆಲಕ್ಕೆ ನೀರು ಹರಿದುಹೋಗುವ ತೂತು ಇರುವುದಿಲ್ಲ. ನೆಲದ ಅಡಿಯಲ್ಲಿರುವುದು ಮರದ ತೊಲೆ ಹಲಗೆಗಳಾದ್ದರಿಂದ, ತೊಟ್ಟಿಯ ಹೊರಗೆ ಚೆಲ್ಲಿದ ನೀರು ಕೆಳಗಿನ ಕೋಣೆಯ ಸೂರಿನಲ್ಲಿ ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಆ ಕಾರಣಕ್ಕಾಗಿ ಅಲ್ಲಿ ತೊಟ್ಟಿಯ ಮೇಲೊಂದು ಸರಳು ಹಾಕಿ ಎರಡು ಪದರದ ಪರದೆ ಇಳಿಬಿಡುವ ಪದ್ಧತಿಯಿದೆ. ನೋಟಕ್ಕೆಂದು ಹೊರಗೆ ತೂಗುವ ಬಟ್ಟೆಯದು ಪರದೆ. ನೀರನ್ನು ತಡೆಯಲೆಂದು ತೊಟ್ಟಿಯ ಒಳಗೆ ಇಳಿಯುವ ಪ್ಲಾಸ್ಟಿಕ್ಕಿನದು ಲೈನರು, ಅಂದರೆ ಒಳಪರದೆ. ಇವುಗಳ ರೂಢಿಯ ಅಳತೆ 72 ಅಂಗುಲ ಉದ್ದ, 72 ಅಂಗುಲ ಅಗಲ. ತೂಗುಹಾಕಲು 12 ಉಂಗುರಗಳು. ಮೇಷ್ಟ್ರು ಈ ಶಾಸ್ತ್ರವನ್ನು ಕಲಿತದ್ದು ಪುಸ್ತಕದಿಂದಲ್ಲ. ಹೋದ ಮೊದಲ ವಾರ ಒಳಪರದೆಯನ್ನು ತೊಟ್ಟಿಯ ಹೊರಗೆ ಬಿಟ್ಟುಕೊಂಡು, ನಿಟ್ಟೂರಿನ ಧಾರಾಳದಲ್ಲಿ ಮಿಂದು, ಕೆಳಗಿನ ಊಟದ ಮನೆಯ ಸೂರು ತೊಟ್ಟಿಕ್ಕಿದಾಗ ಅಳಿಯ ಏನೂ ಹೇಳದೆ ಬಕೆಟ್ಟು ತಂದಿಟ್ಟಿದ್ದನ್ನು ಕಂಡ ದಿನ ಅವರಿಗೆ ಜ್ಞಾನೋದಯವಾಗಿರುತ್ತದೆ. ಊರಿಗೆ ಮರಳಿದ ಮೇಲೆ ಅವರು ಹೇಳುವ ಕಥೆಯಲ್ಲಿ ಸೂರು ಬರುವುದಿಲ್ಲ, ಜ್ಞಾನ ಮಾತ್ರ ಬರುತ್ತದೆ.

ಈ ಜ್ಞಾನವನ್ನು ಬಿತ್ತಬೇಕಾದ ನೆಲ ಎಂಥದು ಎಂಬುದನ್ನೂ ಗಮನಿಸಬೇಕು. ತೆಂಗು ಅಡಿಕೆಯ ಈ ಸೀಮೆಯಲ್ಲಿ ಬಚ್ಚಲುಮನೆ ಎಂದರೆ ತೆಂಗಿನ ಗರಿ, ಮಟ್ಟೆ, ಕರಟಗಳಿಂದ ಉರಿಯುವ ಹಂಡೆಯೊಲೆ, ಮಣೆ, ಚೊಂಬು, ಜೊತೆಗೆ ಎಣ್ಣೆ ಸೀಗೆಪುಡಿಗಳ ಜಿಡ್ಡು ಹರಿದುಹೋಗಲು ಮೋರಿಯ ಕಡೆಗೆ ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿ. ಸೋಲಾರು, ಗೀಸರು, ಟೈಲ್ಸು ಬಂದ ಮೇಲೂ ಇಳಿಜಾರು ಉಳಿದಿದೆ, ಮೋರಿಯೂ ಉಳಿದಿದೆ. ಒದ್ದೆಯಾಗಲೆಂದೇ ಕಟ್ಟಿದ ನೆಲವನ್ನು ಒಣಗಿಸಿಡಲು ಪರದೆ ಬೇಕೆಂಬ ವಾದದಲ್ಲಿ ಸಣ್ಣದೊಂದು ತೊಡಕಿದೆಯಾದರೂ, ಆರು ತಿಂಗಳು ಪರದೇಶದಲ್ಲಿದ್ದು ಬಂದವರನ್ನು ಅಂಥ ತೊಡಕುಗಳು ತಡೆಯಲಾರವು. ತೊಟ್ಟಿಯೇ ಇಲ್ಲವಲ್ಲ ಎಂದು ಹೆಂಡತಿ ಕೇಳಿದರೆ, ತೊಟ್ಟಿ ಎರಡನೆಯ ಹಂತವೆಂದು ಅವರು ಸಮಾಧಾನ ಹೇಳುತ್ತಾರೆ.

ಪರದೆಯ ಆಯ್ಕೆ ಈ ವ್ಯಕ್ತಿತ್ವ ಪೂರ್ಣವಾಗಿ ಅರಳುವ ಘಟ್ಟ. ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಲ್ಲಿ ಕರ್ಟನ್ ಎಂದು ಕೇಳಿದ ಕೂಡಲೇ ಕಿಟಕಿಗೋ ಬಾಗಿಲಿಗೋ ಎಂಬ ಪ್ರಶ್ನೆ ಬರುತ್ತದೆ. ಎರಡಕ್ಕೂ ಅಲ್ಲವೆಂದಾಗ ಅಂಗಡಿಯ ಹುಡುಗ ಎ.ಸಿ. ಹಾಕಿದ ಅಂಗಡಿಗಳ ಬಾಗಿಲಿಗೆ ತೂಗುಬಿಡುವ ಪಾರದರ್ಶಕ ಪ್ಲಾಸ್ಟಿಕ್ಕನ್ನು ತಂದು ಹರಡುತ್ತಾನೆ. ಸ್ನಾನದ ಪರದೆಗೆ ಪಾರದರ್ಶಕತೆ ಯಾಕೆ ಸಲ್ಲದು ಎಂಬುದನ್ನು ಮೇಷ್ಟ್ರು ಗಿರಾಕಿಗಳ ನಡುವೆ ನಿಂತು ಸವಿಸ್ತಾರವಾಗಿ ವಿವರಿಸಿ, ಅನಂತರ ಪಿವಿಸಿ, ಪೆವಾ, ಪಾಲಿಯೆಸ್ಟರ್ ಎಂಬ ಮೂರು ಜಾತಿಗಳ ತಾರತಮ್ಯಕ್ಕೆ ತೊಡಗುತ್ತಾರೆ. ಪಿವಿಸಿ ಅಗ್ಗದ್ದು, ಅದನ್ನು ಮೆದುಗೊಳಿಸಲು ಬೆರೆಸುವ ರಾಸಾಯನಿಕಗಳಿಂದಾಗಿ ಹೊಸದರಲ್ಲಿ ಗಾಢವಾದ ವಾಸನೆ ಬರುತ್ತದೆ. ಪೆವಾ ಎಂಬುದು ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ಕಾಗಿದ್ದು ವಾಸನೆ ಕಡಿಮೆ. ಪಾಲಿಯೆಸ್ಟರ್ ಬಟ್ಟೆಯಂತೆ ಒಗೆಯಲು ಬರುತ್ತದೆ, ಬೇಗ ಒಣಗುತ್ತದೆ. ಇಷ್ಟನ್ನೂ ನಿರ್ವಿವಾದವಾಗಿ ಸ್ಥಾಪಿಸಿದ ಮೇಷ್ಟ್ರು ಕೊನೆಗೆ ಬೆಲೆಯ ಚೀಟಿ ನೋಡಿ ಪಿವಿಸಿಯನ್ನೇ ಕೊಳ್ಳುತ್ತಾರೆ.

ಪರದೆ ಏರಿದ ಸುದ್ದಿ ಊರಿಗೆ ಹಬ್ಬಲು ಒಂದು ಹಗಲು ಸಾಕು. ಪರದೆಯ ವಿಷಯದಲ್ಲಿ ಈ ತಾಲ್ಲೂಕಿನ ಜನರನ್ನು ಬೆರಗುಗೊಳಿಸುವುದು ಸುಲಭವಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ಆನೆಯನ್ನೇ ತಂದು ನಿಲ್ಲಿಸಿದಂಥದು. ಅರಮನೆ, ಅರಣ್ಯ, ಬೀದಿಗಳನ್ನು ಬರೆದ ಪರದೆಗಳು ಒಂದರ ಹಿಂದೊಂದು ಏಳುವುದನ್ನು ಇಲ್ಲಿನ ಅಜ್ಜಂದಿರು ಕಂಡವರು. ಹೀಗಾಗಿ ಹಾಲಿನ ಡೇರಿಯ ಮುಂದೆ ಮೇಷ್ಟ್ರಿಗೆ ಎದುರಾಗುವ ಪ್ರಶ್ನೆ ಸಿದ್ಧವಾಗಿಯೇ ಇರುತ್ತದೆ: “ಬಚ್ಚಲಿಗೂ ಪರದೆ ಕಟ್ಟವ್ರಂತೆ ಮೇಷ್ಟ್ರು, ನಾಟ್ಕ ಎಷ್ಟೊತ್ಗೆ ಸುರುವಾಯ್ತದೆ?” ಮೇಷ್ಟ್ರು ಇದಕ್ಕೆ ಉತ್ತರಿಸುವುದಿಲ್ಲ, ಮುಂದಕ್ಕೆ ಹೋಗಿ, ಪಾಠ ಕೇಳಲು ಸಿದ್ಧನಿರುವ ಇನ್ನೊಬ್ಬನನ್ನು ಹುಡುಕುತ್ತಾರೆ.

ಅಂಥವನಿಗೆ ಅವರು ಹೇಳುವ ಪಾಠ ವಿಜ್ಞಾನದ್ದು. ಶವರಿನ ಕೆಳಗೆ ನಿಂತಾಗ ಪರದೆ ತಾನಾಗಿ ಒಳಕ್ಕೆ ಉಬ್ಬಿ ಕಾಲಿಗೆ ಅಂಟಿಕೊಳ್ಳುವುದೇಕೆ ಎಂಬ ಪ್ರಶ್ನೆಗೆ ಮೆಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಡೇವಿಡ್ ಶ್ಮಿಟ್ ಎಂಬ ವಿಜ್ಞಾನಿ ಕಂಪ್ಯೂಟರ್ ಲೆಕ್ಕಾಚಾರದಿಂದ ಉತ್ತರ ಹುಡುಕಿ, ಬೀಳುವ ಹನಿಗಳು ಗಾಳಿಯಲ್ಲಿ ಅಡ್ಡಡ್ಡಲಾಗಿ ತಿರುಗುವ ಸುಳಿಯೊಂದನ್ನು ಎಬ್ಬಿಸುತ್ತವೆಂದೂ, ಸುಳಿಯ ನಡುವೆ ಒತ್ತಡ ಕಡಿಮೆಯಾಗಿ ಪರದೆ ಒಳಕ್ಕೆ ಸೆಳೆಯಲ್ಪಡುತ್ತದೆಂದೂ ತೋರಿಸಿದ್ದರು. ನಗಿಸಿ ಅನಂತರ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನ 2001ರಲ್ಲಿ ಅವರಿಗೆ ಸಂದಿತು. ಆದರೆ ಸುಳಿ ಏಳಲು ನೀರು ರಭಸದಿಂದ ಬೀಳಬೇಕು; ಟ್ಯಾಂಕಿನ ನೀರಿನ ಎತ್ತರ ಒಂದು ಮೀಟರ್ ಹೆಚ್ಚಿದರೆ ದೊರೆಯುವ ಒತ್ತಡ ವಾತಾವರಣದ ಒತ್ತಡದ ಸುಮಾರು ಹತ್ತರಲ್ಲೊಂದು ಭಾಗ ಮಾತ್ರ. ಮಾಳಿಗೆಯ ಮೇಲೆ ನಾಲ್ಕು ಇಟ್ಟಿಗೆ ಜೋಡಿಸಿ ಟ್ಯಾಂಕು ಕೂರಿಸಿದ ಮನೆಯಲ್ಲಿ ಶವರು ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ಸುಳಿ ಏಳಲಿಲ್ಲ, ಪರದೆ ಅಲುಗಲಿಲ್ಲ. ಮೇಷ್ಟ್ರು ಇದನ್ನು ನಿಟ್ಟೂರಿನ ಪರದೆಯ ಶ್ರೇಷ್ಠತೆಯೆಂದು ಪ್ರತಿಪಾದಿಸಿ, ಪರದೆಯ ಒಳಗೆ ಬಕೆಟ್ಟಿಟ್ಟುಕೊಂಡು ಚೊಂಬಿನಲ್ಲಿ ಸ್ನಾನ ಮುಗಿಸುತ್ತಾರೆ.

ನಿಜವಾದ ಪರೀಕ್ಷೆ ಎರಡನೆಯ ತಿಂಗಳಲ್ಲಿ ಆರಂಭವಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ, ನೀರಿನಲ್ಲಿ ಕರಗದ ಬಿಳಿಯ ಗಸಿಯಾಗಿ ಪ್ಲಾಸ್ಟಿಕ್ಕಿಗೆ ಹತ್ತಿಕೊಳ್ಳುತ್ತವೆ. ಪರದೆಯ ಕೆಳ ಅಂಚನ್ನು ಎತ್ತಿ ನೋಡಿದರೆ ಮೂರು ಬಣ್ಣಗಳು ಕಾಣುತ್ತವೆ: ಮೇಲೆ ಸುಣ್ಣ ಬಳಿದಂಥ ಬಿಳುಪು, ಮಡಿಕೆಗಳ ಸಂದಿನಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು, ಹೊಲಿಗೆಯ ಗುಂಟ ಬ್ಯಾಕ್ಟೀರಿಯಗಳಿಂದಾದ ಗುಲಾಬಿ ಲೋಳೆ. ಮನೆಗೆಲಸದ ಹೆಂಗಸು ಮೂಗಿಗೆ ಸೆರಗು ಹಿಡಿದು, “ಇದು ನನ್ನ ಬಾಬ್ತಲ್ಲ ಕಣವ್ವ” ಎಂದು ಮೊದಲ ದಿನವೇ ಸ್ಪಷ್ಟಪಡಿಸಿರುತ್ತಾಳೆ. ಅಮೆರಿಕದಲ್ಲಿ ಇದಕ್ಕೆ ಬಿಳಿ ವಿನೆಗರ್ ಬಳಸುತ್ತಾರೆಂದು ಮೇಷ್ಟ್ರು ಚಿಂತಾಕ್ರಾಂತರಾದಾಗ ಹೆಂಡತಿ, “ಹಂಡೆ ಬೆಳಗೋ ಹುಣಸೇಹಣ್ಣು ಇದೆಯಲ್ಲ ರೀ, ತಗೊಂಡು ತಿಕ್ಕಿ” ಎಂದು ಒಂದು ಉಂಡೆಯನ್ನು ಅವರ ಕೈಗಿಡುತ್ತಾರೆ. ಹುಳಿ ಯಾವುದಾದರೇನು, ಸುಣ್ಣದ ಅಂಶವನ್ನು ಕರಗಿಸುವುದು ಅದರ ಗುಣ. ಬ್ಲೀಚಿಂಗ್ ಪುಡಿ ಬಳಸುವುದಾದರೆ ಹುಳಿಯ ಜೊತೆ ಮಾತ್ರ ಬೆರೆಸಬಾರದು. ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಡುತ್ತದೆ.

ತಾವು ಕುಡಿದ ಕಾಫಿ ಲೋಟವನ್ನು ಸರ್ವಿಸಿನುದ್ದಕ್ಕೂ ಒಮ್ಮೆಯೂ ತೊಳೆಯದ, ಒದ್ದೆ ಟವೆಲ್ಲನ್ನು ಕುರ್ಚಿಯ ಮೇಲೆ ಎಸೆಯುವುದೇ ತಮ್ಮ ಪಾಲಿನ ಗೃಹಕೃತ್ಯವೆಂದು ತಿಳಿದಿದ್ದ ಯಜಮಾನರು ಹೀಗೆ ಪಂಚೆ ಮೇಲೆ ಕಟ್ಟಿ, ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು, ತೆಂಗಿನ ನಾರಿನಿಂದ ಪರದೆ ಉಜ್ಜುವ ದೃಶ್ಯ ಹದಿನೈದು ದಿನಕ್ಕೊಮ್ಮೆ ಕಾಣಸಿಗುತ್ತದೆ. ಸ್ನಾನವಾದ ಮೇಲೆ ಪರದೆಯನ್ನು ಮುದುಡಿ ಬಿಡದೆ ಪೂರ್ತಿ ಎಳೆದು ಹರಡಬೇಕು, ಕಿಟಕಿ ತೆರೆದಿಡಬೇಕು, ತೊಳೆದದ್ದನ್ನು ನೆರಳಿನಲ್ಲಿ ಆರಹಾಕಬೇಕು, ಬಿಸಿಲಿಗೆ ಬಿಟ್ಟರೆ ಪಿವಿಸಿ ಸೆಟೆದು ಬಿರುಕುಬಿಡುತ್ತದೆ ಎಂಬ ನಿಯಮಗಳನ್ನು ಅವರು ಯಾರಿಗೂ ಬೋಧಿಸದೆ ತಾವೇ ಪಾಲಿಸುತ್ತಾರೆ. ಪರದೆ ಉಜ್ಜುವ ಭರದಲ್ಲಿ ಗೋಡೆ, ನೆಲ, ಮೋರಿಯ ಜಾಲರಿಯೂ ಉಜ್ಜಿಸಿಕೊಳ್ಳುತ್ತವೆ. ಪರದೆ ತೆಗೆದುಬಿಡೋಣವೆಂದು ಬೇಸತ್ತ ಮೇಷ್ಟ್ರೇ ಒಂದು ದಿನ ಪ್ರಸ್ತಾಪಿಸಿದಾಗ ಅದನ್ನು ಬಲವಾಗಿ ವಿರೋಧಿಸುವವರು, ಮೊದಲು ಪರದೆಯೇ ಬೇಡವೆಂದಿದ್ದ ಹೆಂಡತಿ.

ಒಟ್ಟಿನಲ್ಲಿ, ಇಳಿಜಾರೂ ಮೋರಿಯೂ ಇರುವ ಬಚ್ಚಲಿಗೆ ಸ್ನಾನದ ಪರದೆಯ ಅಗತ್ಯವಿಲ್ಲ. ಕಮೋಡೂ ಅದೇ ಕೋಣೆಯಲ್ಲಿದ್ದು, ವಯಸ್ಸಾದವರು ಜಾರಿ ಬೀಳುವ ಭಯವಿರುವ ಮನೆಗಳಲ್ಲಿ ಒಗೆಯಲು ಬರುವ ಪಾಲಿಯೆಸ್ಟರ್ ಪರದೆಯೊಂದನ್ನು ನೆಲಕ್ಕೆ ತಾಗದಷ್ಟು ಎತ್ತರಕ್ಕೆ ತೂಗಿದರೆ ಸಾಕು, ಒಳಪರದೆ ಬೇಡ. ಕೊಳ್ಳುವ ಮುನ್ನ ಬಣ್ಣ, ಅಳತೆ, ಬೆಲೆಗಳನ್ನು ನಿಧಾನವಾಗಿ ನೋಡಬಹುದು; ಅದನ್ನು ಉಜ್ಜುವವರು ಯಾರು ಎಂಬುದು ಮಾತ್ರ ಅಂಗಡಿಗೆ ಹೊರಡುವ ಮೊದಲೇ ಮನೆಯಲ್ಲಿ ತೀರ್ಮಾನವಾಗಿರಬೇಕು.