ಸವೆಯಲೆಂದೇ ಹುಟ್ಟಿದವನ ಸಂದರ್ಶನ

ಕೋಲ್ಕತ್ತದ ಪಾರ್ಕ್ ಸ್ಟ್ರೀಟು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯನ್ನು ಕೂಡುವ ಕಡೆ ಮಲ್ಲಿಕ್ ಬಜಾರ್ ಇದೆ. ನಮ್ಮ ಬೆಂಗಳೂರಿನ ಶಿವಾಜಿನಗರದ ಗುಜರಿಗೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೂ ಮದುವೆ ಮಾಡಿಸಿದರೆ ಹುಟ್ಟಬಹುದಾದ ಸಂತಾನ ಅದು. ಹತ್ತಿರದಲ್ಲೇ ಕವಿ ಮೈಕೇಲ್ ಮಧುಸೂದನ ದತ್ತ ಮಲಗಿರುವ ಸ್ಮಶಾನ. ಎರಡೂ ಕಡೆ ಓಟ ಮುಗಿಸಿದವರೇ ಇದ್ದರೂ ಪುನರ್ಜನ್ಮದ ಖಾತ್ರಿ ಇರುವುದು ಬಜಾರಿನಲ್ಲಿ ಮಾತ್ರ. ಅಲ್ಲಿ ಸಂದರ್ಶನಕ್ಕೆ ಒಪ್ಪಿದ್ದು ಒಂದು ಕ್ಲಚ್ ಪ್ಲೇಟು. ಇಳಿದದ್ದು ಕಾಂಟೆಸ್ಸಾದಿಂದ, ಹೂಗ್ಲಿಯ ಆಚೆ ದಡದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಹೊರತಂದ ಕಾರು ಅದು. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನ ಮೈಗೆ ಮೊದಲು ಅಂಬಾಸಿಡರ್‌ನ 1489 ಸಿಸಿಯ ಬಡಪಾಯಿ ಎಂಜಿನ್ ಕಟ್ಟಿದರು; ಆಮೇಲೆ ಇಸುಝುವಿನ 1817 ಸಿಸಿ ಬಂತು, 88 ಕುದುರೆಶಕ್ತಿ, ಐದು ಗೇರು. ಇವತ್ತು ಆ ಅಂಕಿ ಕೇಳಿದರೆ ನಗು ಬರಬಹುದು. ಆ ಕಾಲಕ್ಕೆ ಅದೇ ಕಸುವಿನ ಕಾರು.

ಪ್ರಶ್ನೆ: ಸುತ್ತುಬಳಸು ಬೇಡ. ಕಸುವಿನ ಕಾರಿನ ಕ್ಲಚ್ಚನ್ನು ಮನೆಯಲ್ಲೇ ಬದಲಿಸಬೇಕೋ, ಕಸುಬುದಾರನಿಗೆ ಕೊಡಬೇಕೋ?

ಪ್ಲೇಟು: ನಿಮ್ಮ ಪ್ರಶ್ನೆಯೇ ಅಮೆರಿಕದಿಂದ ಬಂದ ಸೆಕೆಂಡ್‌ಹ್ಯಾಂಡ್ ಮಾಲು. ಅಲ್ಲಿ ಮನೆಗೊಂದು ಗ್ಯಾರೇಜು, ಅದಕ್ಕೆ ಸಿಮೆಂಟಿನ ನೆಲ; ಮೆಕ್ಯಾನಿಕ್‌ನ ಗಂಟೆಯ ಕೂಲಿ ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ದುಡ್ಡಿಲ್ಲದವನು ಅಲ್ಲಿ ತಾನೇ ಕಾರಿನಡಿ ತೂರುತ್ತಾನೆ. ಇಲ್ಲಿ ಲೆಕ್ಕ ಉಲ್ಟಾ. ಭದ್ರಲೋಕದ, ಅಂದರೆ ಓದಿದ ಮಧ್ಯಮವರ್ಗದ, ಬಾಬು ಮೂರನೇ ಮಹಡಿಯಲ್ಲಿ, ಅವನ ಕಾರು ಬೀದಿಯಲ್ಲಿ, ಕೂಲಿಯೋ ಅಗ್ಗ. ಬಾಬು ಕ್ಲಚ್ ಬಿಚ್ಚಿದರೆ ಅದು ಹವ್ಯಾಸ, ಅಡ್ಡಾದ ಹರಟೆಯಲ್ಲಿ ಆರು ತಿಂಗಳು ಹೇಳಿಕೊಳ್ಳುವ ಸಾಹಸ. ಮಿಸ್ತ್ರಿ ಬಿಚ್ಚಿದರೆ ಬರೀ ದಿನದ ಕೆಲಸ. ತಮಾಷೆ ನೋಡಿ, ಕಸುಬುದಾರ ಎನ್ನಿಸಿಕೊಂಡ ಆ ಮಿಸ್ತ್ರಿ ಕೂತಿರುವುದು ಎಷ್ಟೋ ಸಲ ಫುಟ್‌ಪಾತಿನ ಮೇಲೆ, ಕಾರು ನಿಂತಿರುವುದು ಇಟ್ಟಿಗೆಯ ಮೇಲೆ. ಅದು ಮನೆಯೂ ಅಲ್ಲ, ಗ್ಯಾರೇಜೂ ಅಲ್ಲ. ಹೀಗಿರುವಾಗ ಮನೆ, ವೃತ್ತಿ ಎಂದು ಎಳೆದ ಗೆರೆಗೆ ಏನು ಬೆಲೆ? ನಮ್ಮಂಥವರ ಪ್ರಾಣ ನಿಂತಿರುವುದು ಬೇರೆ ಗೆರೆಯ ಮೇಲೆ. ಅಳೆದು ಮಾಡುವವರು ಒಂದು ಕಡೆ, ಅಂದಾಜಿನಲ್ಲಿ ಮಾಡುವವರು ಇನ್ನೊಂದು ಕಡೆ. ಬಾಬುಗಳೂ ಮಿಸ್ತ್ರಿಗಳೂ ಎರಡು ಕಡೆಯೂ ಇದ್ದಾರೆ.

(ಮಿಸ್ತ್ರಿ ಎಂದರೆ ಗಾರೆಯ ಮೇಸ್ತ್ರಿಯಲ್ಲ. ಬಂಗಾಳದಲ್ಲಿ ಬಡಗಿಯಿಂದ ಮೆಕ್ಯಾನಿಕ್‌ವರೆಗೆ ಕೈಕೆಲಸದವರೆಲ್ಲ ಮಿಸ್ತ್ರಿಗಳೇ. ಒಂದೇ ಪದ ನಮ್ಮಲ್ಲಿ ಗೋಡೆ ಕಟ್ಟುತ್ತದೆ, ಅಲ್ಲಿ ಗೇರ್‌ಬಾಕ್ಸ್ ಇಳಿಸುತ್ತದೆ.)

ಪ್ರಶ್ನೆ: ಮೂವತ್ತು ವರ್ಷ ಪಳಗಿದ ಕೈಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನ ಪಾಠ ಹೇಳುವುದು ಉದ್ಧಟತನವಲ್ಲವೇ? ಈ ಊರಿನ ಟ್ಯಾಕ್ಸಿಗಳನ್ನೆಲ್ಲ ಓಡಿಸಿದ್ದು ಆ ಕೈಗಳೇ.

ಪ್ಲೇಟು: ಓಡಿಸಿದ್ದು ನಿಜ. ಆದರೆ ಆ ಕೈಗಳನ್ನು ಪಳಗಿಸಿದ ಗುರು ಯಾರು? ಅಂಬಾಸಿಡರ್. ಅದು ಕಾರಲ್ಲ, ಕ್ಷಮಾಗುಣ. ಬೋಲ್ಟು ಸ್ವಲ್ಪ ಸಡಿಲವಾದರೂ ಸಹಿಸಿತು, ಬಿಗಿಯಾದರೂ ಸಹಿಸಿತು, ಬೇರೆ ಯಾವುದರದ್ದೋ ಬೇರಿಂಗ್ ತುರುಕಿದರೂ ಮನೆ ತಲುಪಿಸಿತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಅದರ ತಯಾರಿಕೆ ನಿಂತಾಗ ಈ ಊರು ಕಾರಿಗಾಗಿ ಅತ್ತಿತು. ಕಳೆದುಕೊಂಡದ್ದು ಆ ಸಹನೆಯನ್ನು ಎಂದು ಅನೇಕರಿಗೆ ಇನ್ನೂ ತಿಳಿದಿಲ್ಲ. ಕಸುವಿನ ಕಾರಿನಲ್ಲಿ ಆ ಸಡಿಲು ಇರುವುದಿಲ್ಲ. ಲೆಕ್ಕ ಹಾಕಿ. ನಾನು ದಾಟಿಸಬಲ್ಲ ತಿರುಚುಬಲವೆಂದರೆ ನನ್ನ ಎರಡು ಮುಖ, ಘರ್ಷಣೆಯ ಗುಣಾಂಕ, ಪ್ರೆಷರ್ ಪ್ಲೇಟಿನ ಒತ್ತು, ನನ್ನ ಸರಾಸರಿ ತ್ರಿಜ್ಯ, ಇವುಗಳ ಗುಣಲಬ್ಧ. ಒತ್ತು 5000 ನ್ಯೂಟನ್, ತ್ರಿಜ್ಯ 9 ಸೆಂಟಿಮೀಟರ್, ಗುಣಾಂಕ 0.3 ಎಂದಿಟ್ಟುಕೊಂಡರೆ 270 ನ್ಯೂಟನ್ ಮೀಟರ್ ಬರುತ್ತದೆ. ಹೊಸ ಪ್ಲೇಟು ಕೂರಿಸುವಾಗ ಗ್ರೀಸು ಮೆತ್ತಿದ ಬೆರಳು ಅದರ ಮುಖ ಸವರಿತು, ಗುಣಾಂಕ 0.2ಕ್ಕೆ ಇಳಿಯಿತು ಅನ್ನಿ. ಉಳಿಯುವುದು 180. ಹಳೆಯ ಅಂಬಾಸಿಡರ್‌ನ ಎಂಜಿನ್ನಿಗೆ ಅದೂ ಧಾರಾಳ. 210 ನ್ಯೂಟನ್ ಮೀಟರ್ ಕೊಡುವ ಟರ್ಬೊ ಎಂಜಿನ್ನಿನ ಎದುರು? ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಎಂಜಿನ್ ಕಿರುಚುತ್ತದೆ, ಕಾರಿನ ವೇಗ ಮಾತ್ರ ಅದಕ್ಕೆ ತಕ್ಕಂತೆ ಏರುವುದಿಲ್ಲ. ಅದೇ ಬೆರಳು, ಅದೇ ಗ್ರೀಸು, ಅದೇ ಮೂವತ್ತು ವರ್ಷದ ಅನುಭವ.

ಪ್ರಶ್ನೆ: ಹಾಗಾದರೆ ತಪ್ಪೆಲ್ಲ ಕೂರಿಸಿದವನದೇ? ಓಡಿಸುವವನ ಎಡಗಾಲು ಸಾಧುವೇ?

ಪ್ಲೇಟು: ಎಡಗಾಲಿನ ಪಾಪವೂ ಅಳತೆಗೆ ಸಿಗುತ್ತದೆ. ನಿಂತ ಕಾರನ್ನು ಹೊರಡಿಸುವಾಗ ಎಂಜಿನ್ನನ್ನು ಒಂದೇ ವೇಗದಲ್ಲಿ ಹಿಡಿದು ಕ್ಲಚ್ ಬಿಟ್ಟರೆ, ಕಾರಿಗೆ ಎಷ್ಟು ಚಲನಶಕ್ತಿ ಸೇರುತ್ತದೋ ಅಷ್ಟೇ ಶಕ್ತಿ ನನ್ನ ಮೈಯಲ್ಲಿ ಬಿಸಿಯಾಗಿ ಹೋಗುತ್ತದೆ. 1200 ಕಿಲೋ ಕಾರನ್ನು ಗಂಟೆಗೆ 20 ಕಿಲೋಮೀಟರ್‌ಗೆ ತರಲು ಸುಮಾರು 18 ಕಿಲೋಜೌಲ್. ಸಿಗ್ನಲ್‌ನಿಂದ ಸಿಗ್ನಲ್‌ಗೆ ಅಂಥ 50 ಹೊರಡುವಿಕೆ ಸೇರಿದರೆ ಮೂರು ಲೀಟರ್ ನೀರು ಕುದಿಸುವ ಬಿಸಿ, ಇಡೀ ಪಾಡಾದ, ಅಂದರೆ ಕೇರಿಯ, ಅಡ್ಡಾಕ್ಕೆ ಮಣ್ಣಿನ ಭಾಂಡದಲ್ಲಿ ಚಹಾ ಆದೀತು. ಸಿಗ್ನಲ್ ಕಂಬದಿಂದ ರವೀಂದ್ರ ಸಂಗೀತ ತೇಲಿಬರುವಾಗ ಬಾಬು ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತೂಗಾಡಿಸುತ್ತಾನಲ್ಲ, ಆ ಬಿಸಿ ಬೇರೆ. ಇನ್ನು ರಾತ್ರಿ ಖಾಲಿ ಮೇಲ್ಸೇತುವೆಯಲ್ಲಿ ಎಂಜಿನ್ನನ್ನು ರೊಯ್ಯೆನಿಸಿ ಕ್ಲಚ್ ಜಾರಿಸುತ್ತ ಗಂಟೆಗೆ 50 ಕಿಲೋಮೀಟರ್‌ವರೆಗೆ ಚಿಮ್ಮಿಸುವ ಶೂರನಿದ್ದಾನೆ. ವೇಗದ ವರ್ಗದ ಲೆಕ್ಕದಲ್ಲಿ ಅವನ ಒಂದು ಚಿಮ್ಮಿಗೆ ಆರು ಸಿಗ್ನಲ್‌ಗಳ ಬಿಸಿ, ಅದೂ ಕೆಲವೇ ಕ್ಷಣಗಳಲ್ಲಿ. ಆಮೇಲೆ ಸುಟ್ಟ ವಾಸನೆ ಬಂತೆಂದು ಮಿಸ್ತ್ರಿಯ ಮೇಲೆ ಹರಿಹಾಯುತ್ತಾನೆ.

ಪ್ರಶ್ನೆ: ಸುಮ್ಮನೆ ಇನ್ನೂ ಗಟ್ಟಿ ಕ್ಲಚ್ ಹಾಕಿಸಿಬಿಟ್ಟರೆ?

ಪ್ಲೇಟು: ಹಾಕಿಸಿ. ಸೆರಾಮಿಕ್ ಬಿಲ್ಲೆಗಳ ರೇಸಿನ ಕ್ಲಚ್ ಕಚ್ಚಿದರೆ ಬಿಡುವುದಿಲ್ಲ, ಆದರೆ ಮೆಲ್ಲಗೆ ಕಚ್ಚುವುದೂ ಅದಕ್ಕೆ ಬಾರದು. ಪ್ರತಿ ಸಿಗ್ನಲ್‌ನಲ್ಲೂ ಕಾರು ಕಪ್ಪೆಯಾಗುತ್ತದೆ. ಒತ್ತು ಹೆಚ್ಚಿದಷ್ಟೂ ಪೆಡಲು ಭಾರ. ಪ್ರತಿ ತುಳಿತಕ್ಕೂ ಆ ಒತ್ತು ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಮೇಲೆ ಬೀಳುತ್ತದೆ. ಇಷ್ಟಕ್ಕೂ ನಾನು ಜಾರುವುದು ಅರ್ಧ ದೋಷ, ಅರ್ಧ ಉಪಕಾರ. ನಾನು ಜಾರದಿದ್ದರೆ ಆ ಪೆಟ್ಟು ಗೇರಿನ ಹಲ್ಲಿಗೋ ಆಕ್ಸಲ್ಲಿಗೋ ಹೋಗಬೇಕು. ನನ್ನ ಬೆಲೆಗೆ ಗೇರ್‌ಬಾಕ್ಸ್ ಸಿಗುತ್ತದೆಯೇ, ಕೇಳಿ ನೋಡಿ.

ಪ್ರಶ್ನೆ: ಈ ತಲೆನೋವೇ ಬೇಡವೆಂದು ಕಂಪನಿಯ ಸರ್ವೀಸ್ ಸೆಂಟರಿಗೆ ಒಯ್ಯಬಹುದಲ್ಲ?

ಪ್ಲೇಟು: ಲಿಫ್ಟು, ಕೈಪಿಡಿ, ರೆಂಚು ಎಲ್ಲ ಅಲ್ಲಿವೆ, ಎಸಿ ಕೋಣೆಯ ಸೋಫಾ ಕೂಡ. ಆದರೆ ಗೋಡೆಗೆ ನೇತುಹಾಕಿದ ರೆಂಚು ಏನನ್ನೂ ಅಳೆಯುವುದಿಲ್ಲ. ಫ್ಲೈವೀಲಿನ ಮೇಲೆ ನೀಲಿ ಸುಟ್ಟ ಕಲೆ ಇತ್ತೇ, ಕೂದಲೆಳೆಯ ಬಿರುಕಿತ್ತೇ, ಕ್ರ್ಯಾಂಕಿನ ಹಿಂದಿನ ಸೀಲು ಜಿನುಗುತ್ತಿತ್ತೇ ಎಂದು ಕೇಳಿ. ಉತ್ತರ ಬಂದರೆ ದುಡ್ಡು ಸಾರ್ಥಕ. ಚಹಾ ಬಂದರೆ ಅದು ಬೋರ್ಡು ಹಾಕಿಕೊಂಡ ಅಂದಾಜು.

ಪ್ರಶ್ನೆ: ಅಳತೆ ಅಳತೆ ಎನ್ನುತ್ತೀರಿ. ಈ ಬಡ ಬಜಾರಿನಲ್ಲಿ ಅದಕ್ಕೆಲ್ಲ ಬಂಡವಾಳ ಯಾರ ಬಳಿ ಇದೆ?

ಪ್ಲೇಟು: ಅಳತೆಗೆ ಬೇಕಾದ್ದು ಬಂಡವಾಳಕ್ಕಿಂತ ತಾಳ್ಮೆ. ನನ್ನನ್ನು ನಟ್ಟನಡುವೆ ಕೂರಿಸಲು ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಸಾಧನ ಮಾರುತ್ತಾರೆ. ಅದೇ ಮಾದರಿಯ ಗುಜರಿ ಗೇರ್‌ಬಾಕ್ಸಿನಿಂದ ಕಿತ್ತ ಇನ್‌ಪುಟ್ ಶಾಫ್ಟು ಅದಕ್ಕಿಂತ ಕರಾರುವಾಕ್ಕು, ನನ್ನೊಳಗೆ ತೂರಬೇಕಾದ ವಸ್ತು ಅದೇ ತಾನೇ! ಮಿಸ್ತ್ರಿಗೆ ಅದು ಕೈಗೆಟಕುವಲ್ಲೇ ಬಿದ್ದಿರುತ್ತದೆ, ಬಾಬು ಅದಕ್ಕಾಗಿ ಬಜಾರೆಲ್ಲ ಅಲೆಯಬೇಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದು ಕಡೆಯಿಂದ ಎಳೆದುಕೊಂಡು ಹೋದರೆ ಅದರ ತಟ್ಟೆ ಸೊಟ್ಟಗಾಗುತ್ತದೆ. ಗೇರ್‌ಬಾಕ್ಸ್ ಮರಳಿ ಏರಿಸುವಾಗ ಅದರ ಭಾರವನ್ನು ಒಂದು ಗಳಿಗೆಯೂ ನನ್ನ ಮೇಲೆ ನೇತುಬಿಡಬಾರದು, ನನ್ನ ನಡು ಬಾಗಿದರೆ ಆಮೇಲೆ ಗೇರು ಬೀಳುವುದಿಲ್ಲ. ರಿಲೀಸ್ ಬೇರಿಂಗ್ ಚೆನ್ನಾಗಿದೆ ಎನ್ನಿಸಿದರೂ ಬದಲಿಸಿ. ಅದರ ಬೆಲೆ ಚಿಕ್ಕದು, ಅದೊಂದಕ್ಕಾಗಿ ಎಲ್ಲವನ್ನೂ ಮತ್ತೆ ಇಳಿಸುವ ಕೂಲಿ ದೊಡ್ಡದು. ಕಾರು ನಿಲ್ಲಬೇಕಾದ್ದು ಉಕ್ಕಿನ ಸ್ಟ್ಯಾಂಡಿನ ಮೇಲೆ. ಇಟ್ಟಿಗೆ ಸದ್ದಿಲ್ಲದೆ ಪುಡಿಯಾಗುತ್ತದೆ. ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ನನ್ನ ತಲೆಮಾರಿನವರ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೊಕ್ಕರೆ ಬಾಬು, ಮಿಸ್ತ್ರಿ ಎಂದು ಭೇದ ಮಾಡುವುದಿಲ್ಲ. ಕೆಲವು ಹೊಸ ಕಾರುಗಳಲ್ಲಿ ಫ್ಲೈವೀಲೇ ಎರಡು ತುಂಡು, ನಡುವೆ ಸ್ಪ್ರಿಂಗು. ಹಳೆಯದರಂತೆ ಲೇತಿಗೆ ಹಾಕಿ ಹೆರೆಯುವ ಹಾಗಿಲ್ಲ. ಅದರ ಬೋಲ್ಟುಗಳನ್ನು ಮೊದಲು ಇಂತಿಷ್ಟು ಬಲಕ್ಕೆ, ಆಮೇಲೆ ಇಂತಿಷ್ಟು ಕೋನಕ್ಕೆ ತಿರುಗಿಸಬೇಕು. ಹಲವು ಕಡೆ ಒಮ್ಮೆ ಬಿಚ್ಚಿದ ಬೋಲ್ಟು ಮತ್ತೆ ಬಳಸುವಂತಿಲ್ಲ. ಕೋನವನ್ನು ಯಾವ ಕೈ ಅಂದಾಜಿಸೀತು? ಅಲ್ಲಿಗೆ ಕೈಯ ರಾಜ್ಯ ಮುಗಿಯಿತು.

ಪ್ರಶ್ನೆ: ಕೊನೆಯದು. ಬ್ಯಾಟರಿ ಕಾರುಗಳು ಬರುತ್ತಿವೆ, ಅವುಗಳಿಗೆ ಕ್ಲಚ್ಚೇ ಬೇಡ. ನಿಮ್ಮ ಕುಲವೇ ಮುಗಿಯಿತಲ್ಲ?

ಪ್ಲೇಟು: ನಾವಿಲ್ಲದ ಬಂಡಿಯನ್ನು ಈ ಊರು 1902ರಲ್ಲೇ ಓಡಿಸಿತು. ಎಸ್ಪ್ಲನೇಡಿನಿಂದ ಖಿದಿರ್‌ಪುರಕ್ಕೆ ಹೊರಟ ವಿದ್ಯುತ್ ಟ್ರಾಮಿಗೆ ಕ್ಲಚ್ ಇರಲಿಲ್ಲ, ಯಾಕೆಂದರೆ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ತಿ ತಿರುಚುಬಲ ಕೊಡುತ್ತದೆ. ಹಾಫ್ ಕ್ಲಚ್ಚಿನ ಬಾಬುಗಳೇ ಟ್ರಾಮು ದಾರಿಗಡ್ಡ ಎಂದು ಹಾರ್ನ್ ಒತ್ತಿದರು. ಎಸ್ಪ್ಲನೇಡ್–ಮೈದಾನದ ತುಣುಕೊಂದನ್ನು ಪರಂಪರೆಯ ಹೆಸರಲ್ಲಿ ಉಳಿಸಿ ಉಳಿದದ್ದನ್ನು ನಿಲ್ಲಿಸುತ್ತೇವೆಂದು 2024ರಲ್ಲಿ ಸರ್ಕಾರ ಸಾರಿತು. ಕ್ಲಚ್ಚಿಲ್ಲದ್ದನ್ನು ಮೂಲೆಗೆ ತಳ್ಳಿದ ಊರು ನನ್ನ ಕುಲದ ಚಿಂತೆ ಮಾಡುತ್ತಿದೆಯೇ? ಇರಿ, ಗಿರಾಕಿ ಬಂದ.

ಬಂದವನು ಪ್ಲೇಟನ್ನು ಎತ್ತಿ, ಬೆಳಕಿಗೆ ಹಿಡಿದು, ಹೊಸ ಲೈನಿಂಗ್ ಬಡಿಸದೆ ಹೀಗೇ ಕೂರಿಸಿದರೆ ಎಷ್ಟು ದಿನ ಬಾಳೀತು ಎಂದು ಕೇಳಿದ. ಹಲವು ಜಪಾನಿ ಕೈಪಿಡಿಗಳ ಪ್ರಕಾರ ರಿವೆಟ್ಟಿನ ತಲೆ ಲೈನಿಂಗಿನ ಮೇಲ್ಮೈಯಿಂದ ಕನಿಷ್ಠ 0.3 ಮಿಲಿಮೀಟರ್ ಆಳದಲ್ಲಿರಬೇಕು. ಅಂಗಡಿಯವನು ಹೆಬ್ಬೆರಳಿನ ಉಗುರನ್ನು ರಿವೆಟ್ಟಿನ ಮೇಲೆ ಒಮ್ಮೆ ಎಳೆದು, "ಬಹಳ ದಿನ, ದಾದಾ" ಎಂದ.