ದುರಸ್ತಿಯ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಕೈಯಲ್ಲಿ ಹಣವಿದ್ದೂ, ಕೂಗಳತೆಯಲ್ಲಿ ಪ್ಲಂಬರ್ ಇದ್ದೂ, ತಮ್ಮ ಮನೆಯ ನಲ್ಲಿ, ಕೀಲು, ಚಿಲಕಗಳಿಗೆ ಪರಹಸ್ತದ ಸ್ಪರ್ಶವಾಗಕೂಡದೆಂಬ ವ್ರತವನ್ನು ತೊಟ್ಟ ಮಹನೀಯರು ಬೀದಿಗೊಬ್ಬರಾದರೂ ಇರುತ್ತಾರೆ. ಅವರನ್ನು ರಾಯರೆಂದು ಕರೆಯೋಣ. ಜೀವಮಾನವೆಲ್ಲ ಲೆಕ್ಕಪತ್ರಗಳನ್ನು ತಿದ್ದಿ ನಿವೃತ್ತರಾದವರು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ನಾನಾ ಗಾತ್ರದ ವಾಷರುಗಳನ್ನೂ, ತುಕ್ಕು ಹಿಡಿದ ಬೋಲ್ಟುಗಳನ್ನೂ, ಯಾವ ಬೀಗಕ್ಕೂ ಸಲ್ಲದ ಬೀಗದಕೈಗಳನ್ನೂ ಕೂಡಿಟ್ಟವರು. ಇವರ ಮೇಲೆ ಜಿಪುಣತನವನ್ನು ಆರೋಪಿಸುವುದು ಅನ್ಯಾಯ. ಪ್ಲಂಬರಿಗೆ ಸಲ್ಲಬೇಕಾದ ಕೂಲಿಯ ಎರಡರಷ್ಟನ್ನು ಹಾರ್ಡ್‌ವೇರ್ ಅಂಗಡಿಗೆ ತೆತ್ತು ಪ್ರಸನ್ನವದನರಾಗಿ ಹಿಂದಿರುಗುವುದನ್ನು ನಾನೇ ಕಂಡಿದ್ದೇನೆ.

ಇಂತಹ ರಾಯರ ಮನೆಯ ಮಹಡಿಯ ಮೇಲಿನ ಶೌಚಗೃಹದಲ್ಲಿ, ಒಮ್ಮೆ ಬರಿದಾದ ಫ್ಲಶ್ ಟ್ಯಾಂಕು ಮತ್ತೆ ತುಂಬಲು ಅರ್ಧ ಗಂಟೆ ಹಿಡಿಯತೊಡಗಿತ್ತು. ಎಂದಿನಿಂದ ಹೀಗಾಯಿತೆಂಬುದು ಮನೆಯವರಿಗೆ ಮರೆತೇ ಹೋಗಿತ್ತು. ಏಕೆಂದರೆ ಶಾಲೆಗೆ ಹೋಗುವ ಮೊಮ್ಮಗನಿಗೆ ಅಗ್ರಸ್ಥಾನ, ಕಛೇರಿಗೆ ಹೋಗುವ ಮಗನಿಗೆ ದ್ವಿತೀಯ ಸ್ಥಾನ, ಪಿಂಚಣಿದಾರರಿಗೆ ಪತ್ರಿಕೆಯ ಸಂಪಾದಕೀಯ ಮುಗಿದ ಮೇಲಣ ಸ್ಥಾನ ಎಂಬೊಂದು ಸರದಿ ಯಾರ ಆಜ್ಞೆಯೂ ಇಲ್ಲದೆ ಏರ್ಪಟ್ಟಿತ್ತು. ಸಾಲದುದಕ್ಕೆ ಮನೆಯೊಡತಿಯು ಮೂಲೆಯಲ್ಲೊಂದು ತುಂಬಿದ ಬಕೆಟ್ಟನ್ನೂ ಮಗ್ಗನ್ನೂ ಇರಿಸಿ ಸಮಸ್ಯೆಯನ್ನು ಮುಕ್ತಾಯಗೊಳಿಸಿದ್ದರು. ಮುಗಿದ ಈ ಸಮಸ್ಯೆಗೆ ಪುನರ್ಜನ್ಮವಿತ್ತವರು ರಾಯರೇ.

"ಅಷ್ಟು ಬೇಸರವಾಗಿದ್ದರೆ ಆ ಪ್ಲಂಬರ್ ಹುಡುಗನನ್ನು ಕರೆಯಬಾರದೇನ್ರೀ?" ಎಂದರು ಮನೆಯವರು.

"ಅವನು ಬಿಚ್ಚಿ ಬಿಸಾಡಿ ಹೊಸದು ಹಾಕುತ್ತಾನೆ. ಕಾರಣವೇನಪ್ಪಾ ಎಂದರೆ ಹೇಳುತ್ತಾನೆಯೇ?"

"ಕಾರಣ ಯಾರಿಗೆ ಬೇಕಾಗಿದೆ? ನೀರು ಬಂದರೆ ಆಯಿತು."

ಲೋಕದಲ್ಲಿ ನೀರನ್ನು ಬಯಸುವವರು, ಕಾರಣವನ್ನು ಬಯಸುವವರು ಎಂಬ ಎರಡು ಪಂಗಡಗಳಿದ್ದು, ವಿಧಿಯು ಸಾಮಾನ್ಯವಾಗಿ ಇವರಿಬ್ಬರಿಗೇ ಮದುವೆ ಮಾಡಿಸುತ್ತದೆ.

ಭಾನುವಾರ ಬೆಳಿಗ್ಗೆ ಮೊಮ್ಮಗನ ಕೈಗೆ ಟಾರ್ಚನ್ನು ಕೊಟ್ಟು ರಾಯರು ಟ್ಯಾಂಕಿನ ಮುಚ್ಚಳವನ್ನು ತೆಗೆದರು. ವಸ್ತುವಿನ ಪೂರ್ವೋತ್ತರವನ್ನರಿಯದೆ ಅದಕ್ಕೆ ಸ್ಪ್ಯಾನರ್ ಹಚ್ಚುವುದು ಅವರ ಜಾಯಮಾನವಲ್ಲ. ಆದಕಾರಣ, ಎಲಿಜಬೆತ್ ರಾಣಿಯ ಆಸ್ಥಾನದಲ್ಲಿದ್ದ ಜಾನ್ ಹ್ಯಾರಿಂಗ್ಟನ್ನನು 1596ರಲ್ಲಿ ನೀರು ಹಾಯಿಸಿ ತೊಳೆಯುವ ಶೌಚಯಂತ್ರವನ್ನು ಬಣ್ಣಿಸಿ ಪುಸ್ತಕವನ್ನೇ ಬರೆದುದು; 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕನು, ದುರ್ಗಂಧವು ಮೇಲೇರದಂತೆ ನೀರನ್ನು ತಡೆದು ನಿಲ್ಲಿಸುವ ಬಾಗುಕೊಳವೆಗೆ ಪೇಟೆಂಟು ಪಡೆದುದು; ತೇಲುಗುಂಡಿನಿಂದ ನಲ್ಲಿಯನ್ನು ತಾನಾಗಿಯೇ ಮುಚ್ಚಿಸುವ ಉಪಾಯವನ್ನು 1790ರಲ್ಲಿ ಮೆಕ್ಸಿಕೋದ ಪಾದ್ರಿ ಅಲ್ಸಾತೆಯು ವಿವರಿಸಿದುದು; ಇವೆಲ್ಲಕ್ಕೂ ಮೂಲಪುರುಷನೆಂದು ಜನ ನಂಬಿರುವ ಥಾಮಸ್ ಕ್ರ್ಯಾಪರ್ ಹುಟ್ಟಿದ್ದೇ 1836ರಲ್ಲಿ ಎಂಬುದು, ಹೀಗೆ ಸಮಸ್ತವೂ ನಿರೂಪಿತವಾಯಿತು. ಗಡಿಯಾರದವನು ಕೈಯಿಟ್ಟ ಯಂತ್ರಕ್ಕೆ ಹೊತ್ತಿನ ಪರಿವೆಯೇ ಇಲ್ಲವಾದುದರ ವೈಚಿತ್ರ್ಯವನ್ನು ಅವರು ವಿಸ್ತರಿಸುತ್ತಿರುವಾಗ, ಬಹಳ ಹೊತ್ತಿನಿಂದ ಒಂಟಿಕಾಲಿನಲ್ಲಿ ನಿಂತಿದ್ದ ಬಾಲಕನು, "ತಾತ, ಮಿಕ್ಕದ್ದು ಆಮೇಲೆ ಹೇಳು, ನನಗೆ ಅರ್ಜೆಂಟು" ಎಂದು ಟಾರ್ಚನ್ನು ಅಲ್ಲಿಯೇ ಇಟ್ಟು ಕೆಳಮನೆಗೆ ಓಡಿದನು.

ಶ್ರೋತೃವನ್ನು ಕಳೆದುಕೊಂಡರೂ ರಾಯರು ಧೈರ್ಯವನ್ನು ಕಳೆದುಕೊಳ್ಳಲಿಲ್ಲ. ಮೊದಲನೆಯ ಸಂಶಯ, ಒತ್ತಡದ್ದು. ಹತ್ತು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡವನ್ನು ಕೊಡುತ್ತದೆಯಾದ್ದರಿಂದ, ತಾರಸಿಯ ಟ್ಯಾಂಕಿಗಿಂತ ಎರಡಾಳು ಕೆಳಗಿರುವ ಈ ಶೌಚಗೃಹಕ್ಕೆ ಅದರ ಮೂರರಲ್ಲೊಂದು ಪಾಲೂ ದಕ್ಕುವುದು ಕಷ್ಟ. ತೊರೆಕಾಡನಹಳ್ಳಿಯಿಂದ ಹೊರಟು ಸುಮಾರು 100 ಕಿಲೋಮೀಟರು ನಡೆದು, 500 ಮೀಟರಿನಷ್ಟು ಎತ್ತರವನ್ನು ಪಂಪುಗಳ ಬಲದಿಂದ ಹತ್ತಿ, ರಾಯರ ಸಂಪನ್ನು ಸೇರಿ, ಅಲ್ಲಿಂದ ಮೋಟಾರಿನ ಸಹಾಯದಿಂದ ತಾರಸಿಯನ್ನೂ ಏರಿದ ಕಾವೇರಿಯು, ಇನ್ನು ಇಳಿಯುವುದಷ್ಟೇ ಬಾಕಿಯೆನ್ನುವಾಗ ರಾಯರ ಕಮೋಡಿನ ಹಿಂದೆ ಬಂದು ಆಯಾಸಗೊಂಡಳೆಂದರೆ ಅವರಿಗೆ ಅದು ವೈಯಕ್ತಿಕ ಅವಮಾನವಾಗಿಯೇ ತೋರಿತು. ಎರಡನೆಯ ಸಂಶಯ ಬಾಲ್ ಕಾಕಿನ ತೋಳಿನದು. ಹಳೆಯ ಮಾದರಿಯಲ್ಲಿ ಗುಂಡು ಮೇಲೇರಿದಂತೆಲ್ಲ ನೀರಿನ ದ್ವಾರವು ಕಿರಿದಾಗುತ್ತ ಬರುವುದರಿಂದ, ಕಡತವು ಕೊನೆಯ ಮೇಜಿಗೆ ಬಂದು ತಳವೂರುವಂತೆ, ಕಡೆಯ ಅಂಗುಲದ ನೀರೇ ಅತ್ಯಂತ ನಿಧಾನ. ಆದರೆ ಇಲ್ಲಿ ಮೊದಲ ಅಂಗುಲಕ್ಕೂ ಅದೇ ಗತಿ. ಅಂದ ಮೇಲೆ ಅಡಚಣೆಯು ಒಳಬರುವ ದಾರಿಯಲ್ಲಿರಬೇಕೆಂದು ರಾಯರು ತೀರ್ಮಾನಿಸಿದರು. ಈ ತೀರ್ಮಾನವು ಸಂಪೂರ್ಣವಾಗಿ ಸರಿಯಾಗಿತ್ತು. ಅವರ ತೀರ್ಮಾನಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಮನೆಯವರ ಸಂಕಷ್ಟಕ್ಕೆಲ್ಲ ಅದೇ ಮೂಲ.

ಗೋಡೆಯ ಆಂಗಲ್ ಕಾಕನ್ನು ತಿರುಗಿಸಿ ನೀರು ನಿಲ್ಲಿಸಬೇಕಷ್ಟೆ. ಅದೋ, ವರ್ಷಗಟ್ಟಲೆ ಅಲುಗದೆ ಕಚ್ಚಿಕೊಂಡಿತ್ತು. ಬಲಾತ್ಕಾರದಿಂದ ಮುರಿಯುವುದಕ್ಕಿಂತ ಮೂಲದಲ್ಲಿಯೇ ನಿರೋಧಿಸುವುದು ಲೇಸೆಂದು ಬಗೆದು ರಾಯರು ತಾರಸಿಯನ್ನೇರಿ ಗೇಟ್ ವಾಲ್ವನ್ನು ಮುಚ್ಚಿದರು. ಅಡುಗೆಮನೆಯಲ್ಲಿ ಸೊಸೆಯ ಎರಡು ಕೈಗಳೂ ಚಪಾತಿಯ ಹಿಟ್ಟಿನಲ್ಲಿದ್ದವು. ಬಚ್ಚಲಿನಲ್ಲಿ ಎಣ್ಣೆಸ್ನಾನಕ್ಕೆ ಕುಳಿತ ಮಗನ ತಲೆಯ ತುಂಬ ಸೀಗೆಪುಡಿಯಿತ್ತು. "ಅಪ್ಪಾ!" ಎಂಬ ಆರ್ತನಾದಕ್ಕೆ ತಾರಸಿಯಿಂದ "ಐದೇ ನಿಮಿಷ" ಎಂಬ ಅಭಯವಾಣಿ ಕೇಳಿಬಂತು. ಶೌಚಗೃಹದ ಮೂಲೆಯಲ್ಲಿದ್ದ ಬಕೆಟ್ಟು ಆ ಕ್ಷಣವೇ ಬಚ್ಚಲಿಗೆ ಸಾಗಿತು.

ಕನೆಕ್ಷನ್ ಪೈಪನ್ನು ಬಿಚ್ಚಿದಾಗ, ಬಾಲ್ ಕಾಕಿನ ಬುಡದಲ್ಲಿ ಕಿರುಬೆರಳಿನ ಉಗುರಿನಷ್ಟಗಲದ ಪ್ಲಾಸ್ಟಿಕ್ಕಿನ ಜಾಲರಿಯೊಂದು ಕಂಡಿತು. ಕಾವೇರಿ ಬಾರದ ದಿನಗಳಲ್ಲಿ ಹಾಯಿಸಿದ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣವೂ ಮರಳೂ ಸೇರಿ ಅದರ ಕಣ್ಣುಗಳನ್ನೆಲ್ಲ ಮುಚ್ಚಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ್ದರೆ ಅರ್ಧ ಕಾರ್ಯ ಮುಗಿಯುತ್ತಿತ್ತು. ರಾಯರಾದರೋ, ಸೊಸೆ ಗೋಬಿ ಮಂಚೂರಿಗೆಂದು ತಂದಿದ್ದ ವಿನೆಗರನ್ನು ಬೆಳ್ಳಿಯ ಬಟ್ಟಲಿಗೆ ಸುರಿದು, ಜಾಲರಿಯನ್ನು ಅದರಲ್ಲಿ ಮುಳುಗಿಸಿ, ಸುಣ್ಣವು ಆಮ್ಲದೊಡನೆ ಸೇರಿ ಇಂಗಾಲಾಮ್ಲವಾಯುವಿನ ಗುಳ್ಳೆಗಳಾಗಿ ಏಳುವುದನ್ನು ಹಿಂದಿರುಗಿ ಬಂದ ಮೊಮ್ಮಗನಿಗೆ ತೋರಿಸಿದರು. ಐದು ನಿಮಿಷವು ಒಂದು ಗಂಟೆಯಾಯಿತು. ಮಗನ ತಲೆಯ ಸೀಗೆಪುಡಿ ಒಣಗಿ ಗಟ್ಟಿಯಾಯಿತು.

ಟೆಫ್ಲಾನ್ ಟೇಪು ಸುತ್ತಿ, ಹೊಸ ವಾಷರು ಕೂರಿಸಿ, ಎಲ್ಲವನ್ನೂ ಜೋಡಿಸಿ ವಾಲ್ವು ತೆರೆದಾಗ ನೀರು ಭೋರ್ಗರೆದು ಬಂದು ಮೂರೇ ನಿಮಿಷದಲ್ಲಿ ಟ್ಯಾಂಕು ತುಂಬಿತು. ಮನೆಯವರೆಲ್ಲ ನಿಟ್ಟುಸಿರುಬಿಟ್ಟರು. ಆದರೆ ಈ ಭೋರ್ಗರೆತವು ರಾತ್ರಿಯ ವೇಳೆ ಶಾಂತಿಭಂಗವನ್ನುಂಟುಮಾಡೀತೆಂದೂ, ಬಾಲ್ ಕಾಕಿನ ತೋಳನ್ನು ಒಂದಿಷ್ಟು ಬಗ್ಗಿಸಿದರೆ ಎಲ್ಲವೂ ಹದಕ್ಕೆ ಬರುವುದೆಂದೂ ಪ್ರಸ್ತಾಪಿಸುತ್ತ ರಾಯರು ಪುನಃ ಮುಚ್ಚಳಕ್ಕೆ ಕೈಹಾಕಲು, ಮಗನು ಸ್ಪ್ಯಾನರನ್ನೂ ಸೊಸೆಯು ಬಿಸ್ಕತ್ತಿನ ಡಬ್ಬಿಯನ್ನೂ ಹೊತ್ತು ಕೆಳಗಿಳಿದರು.

ಸಂಜೆ ಪಕ್ಕದ ಮನೆಯ ಹುಡುಗ ಬಾಗಿಲಲ್ಲಿ ನಿಂತು, "ನಮ್ಮ ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆ, ಅಂಕಲ್ ಒಂಚೂರು ನೋಡ್ತಾರಾ ಅಂತ ಅಮ್ಮ ಕೇಳಿದರು" ಎಂದನು. ಮಾತು ಮುಗಿಯುವಷ್ಟರಲ್ಲಿ ರಾಯರ ಒಂದು ಕಾಲು ಚಪ್ಪಲಿಯಲ್ಲಿತ್ತು; ಅಡಗಿಸಿಟ್ಟ ಡಬ್ಬಿಯು ಅದು ಹೇಗೋ ಅವರ ಕಂಕುಳನ್ನು ಸೇರಿತ್ತು. ಅವರು ಗೇಟು ದಾಟುವವರೆಗೂ ಕಾದಿದ್ದ ಮನೆಯೊಡತಿಯು, ಹುಡುಗನನ್ನು ಕಾಂಪೌಂಡಿನ ಬಳಿಗೆ ಕರೆದು, "ಮೊದಲು ಓಡಿಹೋಗಿ, ಇರುವ ಕೊಡಪಾನಕ್ಕೆಲ್ಲ ನೀರು ಹಿಡಿದಿಟ್ಟುಕೊಳ್ಳಲು ನಿಮ್ಮಮ್ಮನಿಗೆ ಹೇಳಪ್ಪಾ" ಎಂದರು.